ಹಳೆಯ ಬೆಂಜ್ ಆಟೊಮ್ಯಾಟಿಕ್: ಎರಡರಿಂದ ಮೂರಕ್ಕೆ ಬೀಳುವಾಗ ಜಾರುತ್ತದೆ, ಶಿಫ್ಟ್ ಕಿಟ್ ಹಾಕಿಸಲಾ?

ಕಟಪಾಡಿ_ಡೀಸೆಲ್:
ಮಾವನ ಕೈಯಿಂದ ಬಂದ 1983ರ ಬೆಂಜ್ 300ಡಿ, ಡಬ್ಲ್ಯು123 ಅನ್ನುವ ಮಾದರಿ, ಈಗ ನನ್ನ ಹತ್ತಿರ ಉಂಟು. ಇಂಜಿನ್ ಗಟ್ಟಿಮುಟ್ಟು, ತಲೆನೋವು ಗೇರ್‌ಬಾಕ್ಸಿನದ್ದು. ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ ಎರಡರಿಂದ ಮೂರಕ್ಕೆ ಬೀಳಬೇಕಾದ ಹೊತ್ತಿಗೆ ಇಂಜಿನ್ ಸುಮ್ನೆ ಒಮ್ಮೆ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ, ಆಮೇಲೆ ಮೆಲ್ಲ ಮೂರು ಕಚ್ಚುತ್ತದೆ. ಉಳಿದ ಗೇರುಗಳು ಮೆತ್ತಗೆ, ಆದರೆ ಜಾರುವುದಿಲ್ಲ. ಅಮೆರಿಕದವರ ವಿಡಿಯೊಗಳಲ್ಲಿ ಶಿಫ್ಟ್ ಕಿಟ್ (ಗೇರ್ ಬೇಗ, ಗಟ್ಟಿಯಾಗಿ ಬೀಳುವ ಹಾಗೆ ಮಾಡುವ ಬಿಡಿಭಾಗಗಳು) ಹಾಕಿದ ಮೇಲೆ ಟಕ್ ಟಕ್ ಅಂತ ಗೇರ್ ಬೀಳುವುದನ್ನು ನೋಡಿ ಆಸೆ ಆಗಿದೆ. ಇಲ್ಲಿ ಒಬ್ಬರು ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ 'ಪೂರ್ತಿ ಬಿಚ್ಚಬೇಕು' ಅಂದರು. ಎಂತ ಮಾಡುವುದು?

ಗ್ರೀಸ್_ಕೈ:
ಎರಡೂ ಈಗಲೇ ಬೇಡ ಮಾರಾಯ್ರೆ. ಆ ವಿಡಿಯೊಗಳ ಕಿಟ್ ಜಾಸ್ತಿ ಟಿಎಚ್350, ಟಿಎಚ್400 ಥರದ ಅಮೆರಿಕನ್ ಗೇರ್‌ಬಾಕ್ಸಿಗೆ. ಅದರಲ್ಲಿ ಎಣ್ಣೆ ಹಾಯುವ ಪ್ಲೇಟಿನ ತೂತು ದೊಡ್ಡದು ಮಾಡಿ, ಗಟ್ಟಿ ಸ್ಪ್ರಿಂಗ್ ಹಾಕಿ, ಕ್ಲಚ್ಚಿಗೆ ಎಣ್ಣೆ ಬೇಗ ಹೋಗುವ ಹಾಗೆ ಮಾಡುತ್ತಾರೆ. ನಿಮ್ಮದಕ್ಕೆ ಅದು ಕೂರುವುದಿಲ್ಲ. ಮೊದಲು ಗೇರ್‌ಬಾಕ್ಸಿನ ಮೈಮೇಲೆ ಕೊರೆದಿರುವ ನಂಬರ್ ನೋಡಿ. 722.3 ಅಂತ ಇದ್ದರೆ ನೀವು ಹೇಳಿದ್ದು ಅದರ ಹಳೇ ಕಾಯಿಲೆ. ಮೂರಕ್ಕೆ ಬೀಳುವಾಗ ಕೆ1 ಅನ್ನುವ ಕ್ಲಚ್ ಹಿಡಿಯಬೇಕು, ಅದಕ್ಕೆ ಒತ್ತಡ ಸರಿಯಾಗಿ ಬರದಿದ್ದರೆ ನಡುವೆ ಹೀಗೆ ಖಾಲಿ ಕೂಗುತ್ತದೆ. ಅದಕ್ಕೆಂದೇ ಕೆ1 ಸ್ಪ್ರಿಂಗ್ ಕಿಟ್ ಬರುತ್ತದೆ, ಆದರೆ ಪ್ಯಾನ್, ಅಂದರೆ ಗೇರ್‌ಬಾಕ್ಸಿನ ಅಡಿಯ ಎಣ್ಣೆ ತಟ್ಟೆ, ಇಳಿಸಲೇಬೇಕು.

ಅದಕ್ಕೂ ಮುಂಚೆ ಗೇರ್‌ಬಾಕ್ಸಿನ ಎಣ್ಣೆ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ, ಸಮತಟ್ಟು ಜಾಗದಲ್ಲಿ, ಗೇರ್ ಪಿಯಲ್ಲಿಟ್ಟು (ಪಾರ್ಕ್) ಇಂಜಿನ್ ಓಡುತ್ತಿರುವಾಗಲೇ ಅಳತೆ ಕಡ್ಡಿ ನೋಡಬೇಕು. ಕಡ್ಡಿ ಒರೆಸಲು ದಾರ ಬಿಡುವ ಬಟ್ಟೆ ಬೇಡ. ಎಣ್ಣೆ ಕೆಂಪಗಿದ್ದರೆ ಸರಿ, ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಸವೆದಿದೆ ಅಂತಲೇ ತಿಳಿಯಿರಿ, ಆಗ ಯಾವ ಕಿಟ್ ಹಾಕಿದರೂ ದುಡ್ಡು ದಂಡ.

ಆಮೇಲೆ ಒಂದು ಪರೀಕ್ಷೆ. ಗೇರ್‌ಬಾಕ್ಸಿನ ಬದಿಯಲ್ಲಿ ಮಾಡ್ಯುಲೇಟರ್ ಅಂತ ಒಂದು ಸಣ್ಣ ಡಬ್ಬಿ ಇರುತ್ತದೆ, ಅದಕ್ಕೆ ವ್ಯಾಕ್ಯೂಮ್ (ಪಂಪ್ ಗಾಳಿ ಎಳೆದು ಮಾಡುವ ನಿರ್ವಾತ) ಪೈಪ್ ಬರುತ್ತದೆ. ವ್ಯಾಕ್ಯೂಮ್ ಜಾಸ್ತಿ ಬಂದರೆ ಗೇರ್ ಮೆತ್ತಗೆ, ಕಮ್ಮಿ ಆದರೆ ಗಟ್ಟಿ. ಪೈಪ್ ಕಳಚಿ ಅದರ ಬಾಯಿ ಮುಚ್ಚಿ. ತೆರೆದು ಬಿಡಬೇಡಿ, ಬ್ರೇಕಿನ ಬೂಸ್ಟರ್ ಕೂಡ ಅದೇ ಪಂಪಿನಲ್ಲಿ ನಡೆಯುವುದು! ಮೆಲ್ಲ ಒಂದು ಸುತ್ತು ಹೋಗಿ ಬನ್ನಿ. ಗೇರ್ ಧಡಕ್ ಅಂತ ಬಿದ್ದು ಜಾರುವುದು ನಿಂತರೆ ಒಳಗೆ ಜೀವ ಉಂಟು, ಹೊರಗಿನ ಹೊಂದಾಣಿಕೆ ಸಾಕು. ಹಾಗಿದ್ದೂ ಮೂರಕ್ಕೆ ಕೂಗಿದರೆ ಕೆ1 ಕಿಟ್ ಯೋಚಿಸಿ.

ಬಿಜೈ_ಬಂಡಿ:
ನನ್ನದು ಉಲ್ಟಾ ಕಥೆ. 240ಡಿ ಗಾಡಿ, ನಂತೂರು ಸಿಗ್ನಲಿನಲ್ಲಿ ಹೊರಟರೆ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಗೇರ್ ಬೀಳುತ್ತಿತ್ತು. ಕೀ ತೆಗೆದರೂ ಇಂಜಿನ್ ನಿಲ್ಲದೆ ಗುರ್ ಅನ್ನುತ್ತಿತ್ತು, ಅದೂ ವ್ಯಾಕ್ಯೂಮಿನಿಂದಲೇ ನಿಲ್ಲುವುದಲ್ವಾ. ಎರಡು ತಿಂಗಳು ಗೇರ್‌ಬಾಕ್ಸಿಗೆ ಬೈದೆ. ಕೊನೆಗೆ ನೋಡಿದರೆ ಹಿಂದಿನ ಎಡ ಬಾಗಿಲಿನ ಲಾಕ್ ಒಳಗೆ ರಬ್ಬರ್ ಪೊರೆ ಹರಿದಿತ್ತು! ಲಾಕ್ ಕೂಡ ಅದೇ ವ್ಯಾಕ್ಯೂಮಿನಲ್ಲಿ ನಡೆಯುವುದು, ಅಲ್ಲಿ ಸೋರಿ ಹೋಗುತ್ತಿತ್ತು. ನಮ್ಮ ಕಡೆಯ ಉಪ್ಪುಗಾಳಿ, ಮಳೆಗೆ ಹಳೇ ರಬ್ಬರ್ ಉಳಿಯುವುದು ಕಷ್ಟ. ಪೈಪಿನ ಮೂಲೆ ಜೋಡಣೆ ಒಂದೊಂದನ್ನೂ ಕೈಯಲ್ಲಿ ಬಗ್ಗಿಸಿ ನೋಡಿ, ಬಿರುಕು ಬಿಟ್ಟದ್ದು ಆಗ ಬಾಯಿ ತೆರೆಯುತ್ತದೆ.

ಪಡುಬಿದ್ರಿ_ಪಯಣ:
88 ಪಿಎಸ್ (ಅಶ್ವಶಕ್ತಿ) ಗಾಡಿಗೆ ರೇಸ್ ಶಿಫ್ಟ್ ಎಂತಕ್ಕೆ? ಮೆತ್ತಗೆ ಬಿದ್ದರೆ ಬೆಂಜಿಗೆ ಚಂದ.

ಗ್ರೀಸ್_ಕೈ:
ಚಂದ ಸರಿ, ಆದರೆ ಗೇರ್ ಬೀಳಲು ಹೊತ್ತಾದಷ್ಟೂ ಕ್ಲಚ್ ಉಜ್ಜಿಕೊಂಡು ಬಿಸಿಯಾಗುತ್ತದೆ. ಸ್ವಲ್ಪ ಗಟ್ಟಿ ಬೀಳುವುದು ಶೋಕಿಗಲ್ಲ. ಅತಿ ಗಟ್ಟಿ ಮಾಡಿದರೆ ಇಂಜಿನ್ ಮೌಂಟ್, ಶಾಫ್ಟಿನ ರಬ್ಬರ್ ಡಿಸ್ಕ್ ಪೆಟ್ಟು ತಿನ್ನುತ್ತವೆ, ಅದೂ ನಿಜ.

ಕಟಪಾಡಿ_ಡೀಸೆಲ್:
ನಂಬರ್ 722.3. ಎಣ್ಣೆ ಕಡ್ಡಿಯ ಕೆಳಗಿನ ಗೆರೆಗಿಂತಲೂ ಕೆಳಗಿತ್ತು, ಬಣ್ಣ ಮಾತ್ರ ಕೆಂಪು. ಡೆಕ್ಸ್ರಾನ್ 3 ಗೇರ್‌ಬಾಕ್ಸ್ ಎಣ್ಣೆ ಸ್ವಲ್ಪ ಸ್ವಲ್ಪ ಹಾಕಿ ಮಟ್ಟಕ್ಕೆ ತಂದೆ. ಪೈಪ್ ಕಳಚಿ ಬಾಯಿಗೆ ಸ್ಕ್ರೂ ತುರುಕಿ ಮಲ್ಪೆ ರಸ್ತೆಯಲ್ಲಿ ಓಡಿಸಿದೆ. ಅಬ್ಬಾ, ಎರಡಕ್ಕೆ ಬಿದ್ದ ಹೊಡೆತಕ್ಕೆ ಹೆಂಡತಿಯ ಕೈಯಲ್ಲಿದ್ದ ಮೀನಿನ ಚೀಲ ಕೆಳಗೆ! ಮೂರಕ್ಕೆ ಕೂಗಲಿಲ್ಲ ಆದರೆ. ಪೈಪ್ ವಾಪಸ್ ಹಾಕಿದೆ. ಈಗ ಎಂತ?

ಗ್ರೀಸ್_ಕೈ:
ಮಾಡ್ಯುಲೇಟರ್ ಮೇಲಿನ ರಬ್ಬರ್ ಟೋಪಿ ತೆಗೆದರೆ ಒಳಗೆ ಒಂದು ಸಣ್ಣ ಹಿಡಿ ಸಿಗುತ್ತದೆ. ಹೊರಗೆ ಎಳೆದು ಗಡಿಯಾರದ ಮುಳ್ಳು ತಿರುಗುವ ಕಡೆಗೆ ಅರ್ಧ ಸುತ್ತು, ಒತ್ತಿ ಕೂರಿಸಿ, ಓಡಿಸಿ ನೋಡಿ. ಸಾಲದಿದ್ದರೆ ಇನ್ನರ್ಧ. ಒಮ್ಮೆಲೇ ಎರಡು ಸುತ್ತು ಬೇಡ. ಸೈಲೆನ್ಸರ್ ಬಿಸಿ ಇರುವಾಗ ಕೈ ಹಾಕಬೇಡಿ ಆಯ್ತಾ.

ಕಟಪಾಡಿ_ಡೀಸೆಲ್:
ಅರ್ಧ ಸುತ್ತಿಗೇ ವ್ಯತ್ಯಾಸ ಗೊತ್ತಾಯಿತು. ಮಣಿಪಾಲದ ಏರಿನಲ್ಲಿ ಹತ್ತು ಸಲ ಹತ್ತಿದರೆ ಒಮ್ಮೆ ಮಾತ್ರ ಕೂಗಿತು, ಅದೂ ಎಸಿ ಹಾಕಿದಾಗ. ಇನ್ನರ್ಧ ಭಾನುವಾರ ತಿರುಗಿಸುತ್ತೇನೆ. ಕೆ1 ಕಿಟ್ ತರಿಸಿ ಇಡುತ್ತೇನೆ, ಫಿಲ್ಟರ್ ಬದಲಿಸಲು ಪ್ಯಾನ್ ಹೇಗೂ ಇಳಿಸಬೇಕಲ್ಲ. ಮೀನಿನ ವಾಸನೆ ಮಾತ್ರ ಇನ್ನೂ ಹೋಗಿಲ್ಲ.