‘ವೈಡ್‌ಸ್ಕ್ರೀನ್’ ಎಂಬುದಕ್ಕೆ ಕನ್ನಡದಲ್ಲಿ ಅಗಲತೆರೆ ಎನ್ನಬಹುದೇ?

ಮಾನ್ಯರೇ,

ಮನೆಗೆ ಹೊಸ ಟಿ.ವಿ. ತರಬೇಕೆಂದಿರುವವರು ಅಂಗಡಿಗೆ ಹೋಗುವ ಮೊದಲು ಓದಿಕೊಳ್ಳಲೆಂದು ಒಂದು ಚಿಕ್ಕ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ‘ವೈಡ್‌ಸ್ಕ್ರೀನ್’ ಎಂಬ ಪದದ ಬಳಿ ಬರವಣಿಗೆ ನಿಂತಿದೆ. ಇದಕ್ಕೆ ‘ವಿಶಾಲ ಪರದೆ’, ‘ಅಗಲ ಪರದೆ’, ‘ದೊಡ್ಡ ಪರದೆ’ ಎಂದೆಲ್ಲ ಬರೆದಿರುವುದನ್ನು ನೋಡಿದ್ದೇನೆ. ಇವನ್ನು ಓದಿದವರಿಗೆ ಗಾತ್ರದ ನೆನಪಾಗುತ್ತದೆಯೇ ಹೊರತು ಆಕಾರದ ನೆನಪಾಗುವುದಿಲ್ಲ. ಆದರೆ ಆ ಪದ ಹೇಳುವುದು ಆಕಾರವನ್ನು ಮಾತ್ರ. ಅಂಗೈಯಷ್ಟು ಪರದೆಯೂ ಅಗಲ ಹದಿನಾರು ಪಾಲು, ಎತ್ತರ ಒಂಬತ್ತು ಪಾಲು ಇದ್ದರೆ ವೈಡ್‌ಸ್ಕ್ರೀನ್ ಆಗುತ್ತದೆ. ಗೋಡೆಯಷ್ಟು ದೊಡ್ಡದಿದ್ದೂ 4:3ರ ಅಳತೆಯಲ್ಲಿದ್ದರೆ ಆಗುವುದಿಲ್ಲ.

ಈ ಗೊಂದಲದ ಫಲವನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಹಳೆಯ 29 ಇಂಚಿನ ಪೆಟ್ಟಿಗೆ ಟಿ.ವಿ. ಕೆಟ್ಟಾಗ, ಮೂರು ಇಂಚು ದೊಡ್ಡದೇ ಇರಲಿ ಎಂದು 32 ಇಂಚಿನ ಚಪ್ಪಟೆ ಟಿ.ವಿ. ತಂದೆವು. ಮೊದಲ ಸಂಜೆಯೇ ಅಮ್ಮ, ‘ಇದರಲ್ಲಿ ಜನ ಚಿಕ್ಕದಾಗಿ ಕಾಣುತ್ತಾರಲ್ಲೋ’ ಎಂದರು. ಹೊಸದಕ್ಕೆ ಕಣ್ಣು ಹೊಂದಿಕೊಂಡಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಅನಂತರ ಟೇಪು ಹಿಡಿದು ಅಳೆದಾಗ ತಪ್ಪಿದ್ದು ನಾನೇ ಎಂದು ತಿಳಿಯಿತು. ಹಳೆಯದರಲ್ಲಿ, 29 ಇಂಚಿನ ಲೆಕ್ಕಕ್ಕೆ ಸೇರಿದ್ದರೂ ಚೌಕಟ್ಟಿನೊಳಗೆ ಮರೆಯಾಗಿದ್ದ ಅಂಚನ್ನು ಬಿಟ್ಟು, ಚಿತ್ರ ಕಾಣುವ ಭಾಗದ ಎತ್ತರ 16 ಇಂಚಿಗಿಂತ ಸ್ವಲ್ಪ ಹೆಚ್ಚಿತ್ತು. ಹೊಸದರದು 16 ಇಂಚಿಗೂ ಸ್ವಲ್ಪ ಕಡಿಮೆ. ಅಮ್ಮ ನೋಡುತ್ತಿದ್ದ ಹಳೆಯ ಧಾರಾವಾಹಿಗಳೆಲ್ಲ 4:3ರ ಚೌಕಟ್ಟಿನವಾದ್ದರಿಂದ ಅವು ಪರದೆಯ ನಡುಭಾಗದಲ್ಲಷ್ಟೇ ಮೂಡುತ್ತಿದ್ದವು. 32 ಇಂಚಿನ ಅಗಲ ಪರದೆಯಲ್ಲಿ ಅಂಥ ಚಿತ್ರಕ್ಕೆ ಸಿಗುವ ಜಾಗ ಮೂಲೆಯಿಂದ ಮೂಲೆಗೆ ಸುಮಾರು 26 ಇಂಚು ಮಾತ್ರ. ‘ವಿಶಾಲ ಪರದೆ’ ಎಂಬ ಹೆಸರನ್ನು ನಂಬಿ ನಾವು ಎತ್ತರವನ್ನು ವಿಚಾರಿಸಿಯೇ ಇರಲಿಲ್ಲ.

ಇಲ್ಲಿ ‘ಇಂಚು’ ಎಂಬ ಮಾತೂ ವಿವರಣೆ ಬೇಡುತ್ತದೆ. ಟಿ.ವಿ.ಯ ಇಂಚು ಅಗಲವನ್ನೂ ಹೇಳುವುದಿಲ್ಲ, ಎತ್ತರವನ್ನೂ ಹೇಳುವುದಿಲ್ಲ; ಅದು ಮೂಲೆಯಿಂದ ಎದುರು ಮೂಲೆಗೆ ಹಿಡಿದ ಓರೆ ಅಳತೆ. ಶಾಲೆಯ ರೇಖಾಗಣಿತದಲ್ಲಿ ಇದಕ್ಕೆ ‘ಕರ್ಣ’ ಎಂಬ ಒಳ್ಳೆಯ ಪದವಿದ್ದರೂ ಟಿ.ವಿ.ಯ ಮಾತಿನಲ್ಲಿ ಅದನ್ನು ಯಾರೂ ಬಳಸುವುದಿಲ್ಲ. 4:3ರಲ್ಲಿ ಲೆಕ್ಕ ಸುಲಭವಾಗಿತ್ತು: ಕರ್ಣ ಐದು ಪಾಲಾದರೆ ಅಗಲ ನಾಲ್ಕು, ಎತ್ತರ ಮೂರು. 16:9ರಲ್ಲಿ ಎತ್ತರವು ಕರ್ಣದ ಅರ್ಧಕ್ಕಿಂತಲೂ ತುಸು ಕಡಿಮೆ. ಆದ್ದರಿಂದ ಒಂದೇ ಇಂಚಿನ ಎರಡು ಟಿ.ವಿ.ಗಳಲ್ಲಿ ಅಗಲವಾದದ್ದರ ವಿಸ್ತೀರ್ಣ ಸುಮಾರು ಶೇಕಡಾ 11ರಷ್ಟು ಕಡಿಮೆಯಿರುತ್ತದೆ. ‘ವಿಶಾಲ’ ಎಂಬ ಪದ ನನಗೆ ಒಪ್ಪಿಗೆಯಾಗದಿರುವುದು ಇದೇ ಕಾರಣಕ್ಕೆ. ವಿಶಾಲವಾದ ಹಜಾರ, ವಿಶಾಲವಾದ ಬಯಲು ಎನ್ನುವಾಗ ನಾಲ್ಕು ದಿಕ್ಕಿಗೂ ಹರಡಿದ ವಿಸ್ತಾರವೇ ಮನಸ್ಸಿಗೆ ಬರುತ್ತದೆ. ಇಂಚು ಒಂದೇ ಆಗಿದ್ದು ವಿಸ್ತೀರ್ಣ ಕಡಿಮೆಯಿರುವ ವಸ್ತುವನ್ನು ವಿಶಾಲ ಎಂದು ಕರೆದರೆ ಕೊಳ್ಳುವವರ ದಾರಿ ತಪ್ಪಿಸಿದಂತಾಗುತ್ತದೆ.

ಹಾಗಾದರೆ ‘ಅಗಲ’ ಸರಿಯೇ? ಇದರ ಬಗ್ಗೆ ನನಗೆ ಬಹಳ ದಿನ ಅನುಮಾನವಿತ್ತು. ಬಟ್ಟೆಯನ್ನೋ ಹಲಗೆಯನ್ನೋ ಜಮೀನನ್ನೋ ಅಳೆಯುವಾಗ ದೊಡ್ಡ ಬದಿ ಉದ್ದ, ಚಿಕ್ಕ ಬದಿ ಅಗಲ. ಬಟ್ಟೆಯ ಪನ್ನ ಎನ್ನುವುದೂ ಈ ಚಿಕ್ಕ ಬದಿಯನ್ನೇ. ಆ ರೂಢಿಯಂತೆ ನೋಡಿದರೆ ಟಿ.ವಿ.ಯ ಅಡ್ಡ ಬದಿ ದೊಡ್ಡದಾದ್ದರಿಂದ ಅದನ್ನು ‘ಉದ್ದ’ ಎನ್ನಬೇಕಾಗುತ್ತದೆ. ನಮ್ಮ ಮನೆಯ ಮಕ್ಕಳು ‘ಉದ್ದದ ಟಿ.ವಿ.’ ಎಂದೇ ಹೇಳುತ್ತಿದ್ದರು. ಆದರೆ ಬಾಗಿಲು, ಹಣೆ, ಎದೆ ಇವುಗಳ ವಿಷಯದಲ್ಲಿ ನಾವು ಆಡುವ ಮಾತೇ ಬೇರೆ. ಅಲ್ಲಿ ಎಡದಿಂದ ಬಲಕ್ಕೆ ಇರುವುದು ಅಗಲ, ಕೆಳಗಿನಿಂದ ಮೇಲಕ್ಕೆ ಇರುವುದು ಎತ್ತರ; ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಮಲಗಿಸಿದ ವಸ್ತುವಿಗೆ ಒಂದು ಲೆಕ್ಕ, ನಿಂತ ವಸ್ತುವಿಗೆ ಇನ್ನೊಂದು ಲೆಕ್ಕ ಎಂಬ ಈ ಸೂಕ್ಷ್ಮವನ್ನು ಕನ್ನಡ ತನ್ನಷ್ಟಕ್ಕೆ ಪಾಲಿಸಿಕೊಂಡು ಬಂದಿದೆ. ಟಿ.ವಿ. ನಿಂತ ವಸ್ತು. ‘ಕಣ್ಣಗಲಿಸಿ ನೋಡಿದ’ ಎಂಬ ನುಡಿಗಟ್ಟೂ ನೋಟದ ಜತೆಗೆ ಅಗಲವನ್ನು ಆಗಲೇ ಜೋಡಿಸಿಟ್ಟಿದೆ. ಹೀಗಾಗಿ ‘ಅಗಲ’ವನ್ನು ಉಳಿಸಿಕೊಳ್ಳಬಹುದೆಂಬ ಕಡೆಗೆ ನನ್ನ ಮನಸ್ಸು ವಾಲಿದೆ.

ಎರಡನೆಯ ಭಾಗ ಪರದೆಯೋ ತೆರೆಯೋ ಎಂಬುದು. ಎರಡಕ್ಕೂ ಮೂಲದಲ್ಲಿ ಮರೆಮಾಡುವ ಬಟ್ಟೆ ಎಂದೇ ಅರ್ಥ. ‘ಪರದೆ’ ಪಾರಸಿಯಿಂದ ಬಂದದ್ದು, ‘ತೆರೆ’ ನಮ್ಮದು. ಮುಚ್ಚುವ ವಸ್ತುವಿನ ಹೆಸರು ತೋರಿಸುವ ವಸ್ತುವಿಗೆ ಬಂದಿರುವುದು ಎರಡರಲ್ಲೂ ಸಮಾನ. ಅರ್ಥದಿಂದ ಆಯ್ಕೆ ಸಾಧ್ಯವಿಲ್ಲದ ಕಾರಣ ನಾನು ಬಳಕೆಯನ್ನೇ ನೋಡಿದೆ. ಬೆಳ್ಳಿತೆರೆ, ಹಿರಿತೆರೆ, ಕಿರುತೆರೆ ಎಂಬ ಸಾಲು ಸಿದ್ಧವಾಗಿಯೇ ಇದೆ. ‘ಕಿರುತೆರೆ’ಯ ಕಥೆಯಂತೂ ನನ್ನ ಪ್ರಶ್ನೆಗೆ ತುಂಬ ಹತ್ತಿರದ್ದು. ಸಿನಿಮಾದ ಪರದೆಗೆ ಹೋಲಿಸಿದರೆ ಕಿರಿದು ಎಂಬ ಕಾರಣಕ್ಕೆ ಹುಟ್ಟಿದ ಆ ಪದ ಇಂದು ಗಾತ್ರವನ್ನು ಸೂಚಿಸುವುದೇ ಇಲ್ಲ; ಸುಮಾರು ನಾಲ್ಕು ಅಡಿ ಅಗಲವಿರುವ 55 ಇಂಚಿನ ಟಿ.ವಿ.ಯಲ್ಲಿ ಬರುವವರೂ ಕಿರುತೆರೆಯ ಕಲಾವಿದರೇ. ಗಾತ್ರದಿಂದ ಹೊರಟ ಪದವೊಂದು ಮಾಧ್ಯಮದ ಹೆಸರಾಗಿ ನೆಲೆಗೊಳ್ಳಬಲ್ಲದಾದರೆ ‘ಅಗಲತೆರೆ’ ಆಕಾರದ ಹೆಸರಾಗಿ ನೆಲೆಗೊಳ್ಳುವುದು ಕಷ್ಟವಾಗಲಾರದು. ಸಂಧಿನಿಯಮದಂತೆ ‘ಅಗಲದೆರೆ’ ಆಗಬೇಕಲ್ಲವೇ ಎಂದು ಬಲ್ಲವರು ಕೇಳಬಹುದು. ಕಿರುತೆರೆ ‘ಕಿರುದೆರೆ’ ಆಗದೆ ಉಳಿದಿರುವಾಗ ಇದನ್ನೂ ಹಾಗೆಯೇ ಬಿಡುವುದು ಓದುಗರಿಗೆ ಅನುಕೂಲ ಎನ್ನುವುದು ನನ್ನ ಅಭಿಪ್ರಾಯ. ‘ವಿಶಾಲತೆರೆ’ಯಲ್ಲಿ ಸಂಸ್ಕೃತ ಪದಕ್ಕೆ ಕನ್ನಡ ಪದ ಸೇರಿ ಬರುವ ಅರಿಸಮಾಸದ ತೊಡಕೂ ಇದಕ್ಕಿಲ್ಲ.

16:9 ಎಂಬ ಅನುಪಾತವನ್ನು ಓದುವ ಬಗೆ ಇನ್ನೊಂದು ಪ್ರಶ್ನೆ. 4/3 ಎಂಬ ಭಿನ್ನರಾಶಿಯನ್ನು ಮತ್ತೆ 4/3ರಿಂದ ಗುಣಿಸಿದರೆ ಬರುವುದು ಇದೇ 16/9. 1950ರ ದಶಕದಿಂದ ಅಗಲವಾಗುತ್ತ ಹೋದ ಸಿನಿಮಾ ಚೌಕಟ್ಟಿಗೂ ಟಿ.ವಿ.ಯ 4:3ಕ್ಕೂ ನಡುವೆ ಇರುವ ಅಳತೆಯೆಂದು ಇದನ್ನು 1980ರ ದಶಕದಲ್ಲಿ ಆರಿಸಿಕೊಂಡರು. ಈ ಅನುಪಾತವನ್ನು ‘ಹದಿನಾರಕ್ಕೆ ಒಂಬತ್ತು’ ಎಂದು ಓದುವುದು ನನ್ನ ಕಿವಿಗೆ ಸಹಜವಾಗಿ ಕೇಳುತ್ತದೆ. ‘ಆ್ಯಸ್ಪೆಕ್ಟ್ ರೇಶಿಯೊ’ಗೆ ಹೊಸ ಸಂಸ್ಕೃತ ಸಮಾಸವನ್ನು ಕಟ್ಟುವ ಬದಲು ‘ಅಗಲ-ಎತ್ತರದ ಅನುಪಾತ’ ಎಂದರೆ ಯಾವುದಕ್ಕೆ ಯಾವುದು ಎಂಬುದೂ ಪದದಲ್ಲೇ ತಿಳಿಯುತ್ತದೆ.

ಯಾವ ದಿಕ್ಕಿನ ಅಳತೆ ಎಂಬುದನ್ನು ಬಿಡಿಸಿ ಹೇಳದೆ ಆಗುವ ತೊಂದರೆ ಇನ್ನೂ ಒಂದು ಕಡೆ ಇದೆ. ಚಿತ್ರದ ಸ್ಪಷ್ಟತೆಯನ್ನು ಹೇಳಲು ಟಿ.ವಿ.ಗಳಿಗೆ 1080, 4ಕೆ ಎಂಬ ಗುರುತುಗಳನ್ನು ಹಾಕುತ್ತಾರೆ. 1080 ಎನ್ನುವಾಗ ಎಣಿಸುವುದು ಮೇಲಿನಿಂದ ಕೆಳಕ್ಕೆ ಇರುವ ಚುಕ್ಕೆಗಳ ಸಾಲುಗಳನ್ನು. 4ಕೆ (ಸುಮಾರು ನಾಲ್ಕು ಸಾವಿರ) ಎನ್ನುವಾಗ ಎಣಿಸುವುದು ಎಡದಿಂದ ಬಲಕ್ಕೆ ಇರುವ 3840 ಚುಕ್ಕೆಗಳನ್ನು. ಹೀಗಾಗಿ 1080ರಿಂದ 4ಕೆಗೆ ಹೋದರೆ ನಾಲ್ಕು ಪಟ್ಟು ಎತ್ತರಕ್ಕೆ ಹೋದಂತಲ್ಲ. ಎರಡೂ ದಿಕ್ಕಿನಲ್ಲಿ ಎರಡೆರಡು ಪಟ್ಟು ಹೆಚ್ಚಿ, ಒಟ್ಟು ಚುಕ್ಕೆಗಳು ನಾಲ್ಕು ಪಟ್ಟಾಗುತ್ತವೆ. ಗಾತ್ರಕ್ಕೆ ಓರೆ ಅಳತೆ, 1080ಕ್ಕೆ ಎತ್ತರ, 4ಕೆಗೆ ಅಗಲ ಎಂದು ಒಂದೇ ಪೆಟ್ಟಿಗೆಯ ಮೇಲೆ ಮೂರು ದಿಕ್ಕಿನ ಸಂಖ್ಯೆಗಳನ್ನು ಮುದ್ರಿಸಿರುವಾಗ, ಕೈಪಿಡಿ ಬರೆಯುವವರು ದಿಕ್ಕನ್ನು ಪ್ರತಿ ಸಲವೂ ಹೆಸರಿಸಬೇಕೆಂದು ನಾನು ತೀರ್ಮಾನಿಸಿದ್ದೇನೆ.

ಕೊನೆಯದಾಗಿ, ಚಿತ್ರ ತುಂಬದ ಕಡೆ ಉಳಿಯುವ ಕಪ್ಪು ಪಟ್ಟಿಗಳು. ಹಳೆಯ ಕಾರ್ಯಕ್ರಮದಲ್ಲಿ ಇವು ಎಡಬಲಗಳಲ್ಲಿರುತ್ತವೆ, ಅಗಲವಾದ ಸಿನಿಮಾದಲ್ಲಿ ಮೇಲೆ ಕೆಳಗೆ ಇರುತ್ತವೆ. ಮೇಲೆ ಕೆಳಗಿನದಕ್ಕೆ ‘ಅಡ್ಡಪಟ್ಟಿ’ ಎಂದರೆ ಸಾಕು. ಎಡಬಲದ್ದಕ್ಕೆ ‘ಉದ್ದಪಟ್ಟಿ’ ಎಂದು ಬರೆದರೆ ಮೇಲೆ ಹೇಳಿದ ಉದ್ದ-ಅಗಲದ ತಕರಾರು ಮತ್ತೆ ಏಳುತ್ತದೆಂದು ‘ಕಂಬಪಟ್ಟಿ’ ಎಂದು ಬರೆದಿದ್ದೇನೆ. ಈ ಪಟ್ಟಿಗಳನ್ನು ಸಹಿಸದೆ ಅನೇಕರು ರಿಮೋಟಿನಲ್ಲಿ ಚಿತ್ರವನ್ನು ಪಕ್ಕಕ್ಕೆ ಎಳೆದು ತುಂಬಿಸುತ್ತಾರೆ. ಆಗ ಪ್ರತಿ ಮುಖವೂ ಇರಬೇಕಾದ್ದಕ್ಕಿಂತ ಮೂರನೆಯ ಒಂದು ಭಾಗದಷ್ಟು ಹೆಚ್ಚು ಅಗಲವಾಗುತ್ತದೆ. ಝೂಮ್ ಮಾಡಿದರೆ ಮುಖ ಸರಿಯಾಗಿರುತ್ತದೆ, ಆದರೆ ಚಿತ್ರದ ಎತ್ತರದಲ್ಲಿ ಕಾಲು ಭಾಗ ಕತ್ತರಿಸಿಹೋಗುತ್ತದೆ. ಮೊದಲನೆಯದನ್ನು ‘ಎಳೆತ’, ಎರಡನೆಯದನ್ನು ‘ಕತ್ತರಿಕೆ’ ಎಂದು ಕರೆದಿದ್ದೇನೆ. ‘ಹಿಗ್ಗಿಸು’ ಎಂಬುದೂ ಹೊಳೆದಿತ್ತು. ಹಿಗ್ಗಿನಲ್ಲಿ ಸಂತೋಷದ ಛಾಯೆ ಇರುವುದರಿಂದ ವಿಕಾರಗೊಂಡ ಮುಖಕ್ಕೆ ಅದು ಒಪ್ಪಲಿಲ್ಲ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಎರಡು. ನಿಂತ ವಸ್ತುವಿಗೂ ಮಲಗಿದ ವಸ್ತುವಿಗೂ ‘ಅಗಲ’ದ ಅರ್ಥ ಬೇರೆಯಾಗುತ್ತದೆಂಬ ನನ್ನ ಗ್ರಹಿಕೆ ನಿಮ್ಮ ಕಡೆಯ ಆಡುಮಾತಿಗೂ ಹೊಂದುತ್ತದೆಯೇ? ಟಿ.ವಿ.ಯನ್ನು ಗೋಡೆಗೆ ತೂಗುಹಾಕುವ ಕೆಲಸದವರು ಅಥವಾ ಅದರ ಕಪಾಟನ್ನು ಮಾಡುವ ಬಡಗಿಗಳು ಅಡ್ಡ ಬದಿಯನ್ನು ಅಗಲ ಎನ್ನುತ್ತಾರೆಯೇ, ಉದ್ದ ಎನ್ನುತ್ತಾರೆಯೇ? ಅವರ ಬಾಯಲ್ಲಿ ಬೇರೆ ಪದವೇ ಇದ್ದರೆ ‘ಅಗಲತೆರೆ’ಯನ್ನು ಕೈಬಿಡಲು ನಾನು ಸಿದ್ಧನಿದ್ದೇನೆ.