ಬಟನ್ ಒತ್ತಿದರೆ ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುತ್ತೆ: ಎಸ್‌ಎಂಪಿಎಸ್ ಬದಲಿಸಬೇಕಾ?

ಪ್ರಶ್ನೆ, ಹೊಸನಗರ ಕಡೆಯಿಂದ: ಮನೆ ಕಂಪ್ಯೂಟರ್ ಏಳೆಂಟು ವರ್ಷ ಹಳೇದು, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮಳೆ ಹಿಡಿದಾಗಿನಿಂದ ನಾಲ್ಕೈದು ಸಲ ಬಟನ್ ಒತ್ತಿದ ಮೇಲಷ್ಟೇ ಆನ್ ಆಗುತ್ತೆ. ಮಧ್ಯೆ ತಾನಾಗೇ ರೀಸ್ಟಾರ್ಟ್. ಅಂಗಡಿಯವರು ಮದರ್‌ಬೋರ್ಡೇ ಹೋಗಿದೆ ಅಂತಾರೆ. ತಿಳಿದವರು ಹೇಳಿ.

ಸಾಗರ: ಬೋರ್ಡಿಗೆ ದುಡ್ಡು ಸುರಿಯಬೇಡಿ ಮಾರಾಯ್ರೇ, ಮೊದಲು ಅಳೆಯಿರಿ. ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ) ಸೊರಗಿದ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ, ತಣ್ಣಗಿದ್ದಾಗ ತಿಣುಕುತ್ತೆ, ಬಿಸಿಯಾದ ಮೇಲೆ ನಡೆಯುತ್ತೆ. ಬೋರ್ಡಿಗೆ ಚುಚ್ಚುವ ದೊಡ್ಡ 24 ಪಿನ್ ಕನೆಕ್ಟರಿನ ಹಸಿರು ವೈರನ್ನು ಕಪ್ಪು ವೈರಿಗೆ ತಂತಿ ತುಂಡಿನಿಂದ ಸೇರಿಸಿ, ಫ್ಯಾನ್ ತಿರುಗಿತು, ಸರಿಯಿದೆ ಅನ್ನೋರಿದ್ದಾರೆ. ಲೋಡೇ ಇಲ್ಲದಾಗ ಎಂಥಾ ಮುದಿ ಎಸ್‌ಎಂಪಿಎಸ್ ಕೂಡ ತಿರುಗುತ್ತೆ! ಕಂಪ್ಯೂಟರ್ ಓಡುತ್ತಿರುವಾಗಲೇ ಮಲ್ಟಿಮೀಟರ್ ಡಿಸಿ 20 ವೋಲ್ಟಿಗಿಟ್ಟು, ಕಪ್ಪು ಪ್ರೋಬ್ ಕಪ್ಪು ವೈರಿಗೆ, ಕೆಂಪು ಪ್ರೋಬನ್ನು 24 ಪಿನ್ ಕನೆಕ್ಟರಿನ ಹಿಂಬದಿಯಿಂದ ತೂರಿಸಿ. ಹಳದಿ ವೈರ್ 11.4ರಿಂದ 12.6 ವೋಲ್ಟ್, ಕೆಂಪು ವೈರ್ 4.75ರಿಂದ 5.25, ಕಿತ್ತಳೆ 3.14ರಿಂದ 3.47 ಒಳಗಿರಬೇಕು. ನೇರಳೆ ಆಫ್ ಇದ್ದಾಗಲೂ 5 ತೋರಿಸಬೇಕು. ಭಾರದ ಕೆಲಸ ಕೊಟ್ಟಾಗ ಹಳದಿ 11.4ಕ್ಕಿಂತ ಕೆಳಗಿಳಿದರೆ ಅದೇ ಕಳ್ಳ. ಎಲ್ಲ ವೈರೂ ಕಪ್ಪಿದ್ದರೆ ಪಿನ್ ನಕ್ಷೆ ನೋಡಿಕೊಂಡೇ ಮುಟ್ಟಿ.

ಶಿವಮೊಗ್ಗ: ಅಳೆಯುವ ಮುಂಚೆ ಒಂದು ಮಾತು. ಮುಂದಿನ ಯುಎಸ್‌ಬಿ ಪೋರ್ಟಿನ ತಗಡು ಬಾಗಿ ಶಾರ್ಟ್ ಆಗಿದ್ದರೂ ಇದೇ ಲಕ್ಷಣ. ಆ ಕೇಬಲ್ ಬೋರ್ಡಿನಿಂದ ಕಿತ್ತು ನೋಡಿ. ಪವರ್ ಬಟನ್ ವೈರೂ ತೆಗೆದು, ಆ ಎರಡು ಪಿನ್ನನ್ನು ಸ್ಕ್ರೂಡ್ರೈವರಿನಿಂದ ಒಂದು ಕ್ಷಣ ಸೇರಿಸಿ. ತಂಡಿಗೆ ಬಟನ್ನೇ ಅಂಟಿಕೊಂಡಿರಬಹುದು.

ತೀರ್ಥಹಳ್ಳಿ: ಬದಲಿಸುವುದಾದರೆ ನಿಮಗೆ 450 ವ್ಯಾಟ್, 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುವ ದರ್ಜೆ) ಧಾರಾಳ. ಡಬ್ಬಿ ಮೇಲಿನ ವ್ಯಾಟ್ ನಂಬಬೇಡಿ; ಲೇಬಲಿನಲ್ಲಿ 12 ವೋಲ್ಟಿನ ಸಾಲು 34–36 ಆಂಪಿಯರ್ ಇದೆಯಾ ನೋಡಿ. 16–18 ಬರೆದಿದ್ದರೆ ಅದು ಹೆಸರಿಗಷ್ಟೇ 450. ಕಂಪನಿಯವರೇ ಜೋಡಿಸಿ ಮಾರಿದ ಕಂಪ್ಯೂಟರಾದರೆ 24 ಪಿನ್ ಬದಲು ಬೇರೆ ಕನೆಕ್ಟರ್, ಬೇರೆ ಅಳತೆ ಇರಬಹುದು, ಬಿಚ್ಚಿ ನೋಡಿಯೇ ಕೊಳ್ಳಿ.

ಎಸ್‌ಎಂಪಿಎಸ್ ಬದಲಿಸುವುದು ಹೀಗೆ: ಪ್ಲಗ್ ಕಿತ್ತು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಫೋಟೋ ತೆಗೆದುಕೊಂಡು ಕನೆಕ್ಟರ್ ಬಿಡಿಸಿ. ವೈರ್ ಎಳೆಯದೆ ಕೊಕ್ಕೆ ಒತ್ತಿ. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಹೊರಗೆ ಬರುತ್ತೆ. ಹೊಸದು ಹಾಕಿದ ಮೇಲೆ ಫ್ಯಾನ್ ತಿರುಗಿ ಪರದೆ ಕಪ್ಪಗಿದ್ದರೆ, ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್ ಕನೆಕ್ಟರ್ ಮರೆತಿರಬಹುದು. ಮಾಡ್ಯುಲರ್ (ಕೇಬಲ್ ಬಿಡಿಸಬಹುದಾದ ಎಸ್‌ಎಂಪಿಎಸ್) ತಂದರೆ ಹಳೇ ಕೇಬಲ್ ಬಳಸಲೇಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಗೊಂದು ತರ. ಹಾರ್ಡ್ ಡಿಸ್ಕ್ ಸುಟ್ಟೇ ಹೋಗುತ್ತೆ. ಹಳೇದನ್ನು ಬಿಚ್ಚಿ ರಿಪೇರಿಗೆ ಕೂರಬೇಡಿ, ಪ್ಲಗ್ ಕಿತ್ತರೂ ಒಳಗೆ 300 ವೋಲ್ಟ್ ಉಳಿದಿರಬಹುದು.

ಸಾಗರ: ಅರ್ತಿಂಗ್ ಕೂಡ ನೋಡಿಸಿ. ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಎರಡು-ಮೂರು ವೋಲ್ಟಿಗಿಂತ ಹೆಚ್ಚಿದ್ದರೆ ಎಲೆಕ್ಟ್ರಿಶಿಯನ್ ಕರೆಸಿ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಏಪ್ರಿಲ್-ಮೇ ಗುಡುಗು ಶುರುವಾಗುವ ಹೊತ್ತಿಗೇ ಅರ್ತ್ ಗುಂಡಿ ಒಣಗಿರುತ್ತೆ, ಆಗಾಗ ನೀರು ಹೊಯ್ಯಿರಿ. ಸಿಡಿಲಿದ್ದಾಗ ಪ್ಲಗ್ ಜತೆ ಇಂಟರ್ನೆಟ್ ಕೇಬಲ್ಲೂ ಕೀಳಬೇಕು. ಹಳೇ ಸ್ಕ್ವೇರ್ ವೇವ್ ಇನ್ವರ್ಟರಿಗೆ ಹೊಸ ಎಸ್‌ಎಂಪಿಎಸ್ ಎಷ್ಟೋ ಸಲ ಹೊಂದುವುದಿಲ್ಲ, ಕರೆಂಟ್ ಹೋದ ತಕ್ಷಣ ಆಫ್ ಆಗುತ್ತೆ.