450 ನ್ಯಾ.ಮೀ. ಚಿಪ್ ಮೇಲೆ ಕ್ರೋಮಿಯಂ ಫಾಸ್ಫರ್: ಅವಕೆಂಪು ಬೆಳಕು ಸಾಲುತ್ತಿಲ್ಲ, ಅನುಭವ ಇರುವವರು ತಿಳಿಸಿ

ಪ್ರಶ್ನೆ: ಹಣ್ಣಿನ ನೀರಿನಂಶ, ಸಕ್ಕರೆ ನೋಡುವ ಸಣ್ಣ ಸ್ಪೆಕ್ಟ್ರೋಮೀಟರ್‌ಗೆ 700–1000 ನ್ಯಾ.ಮೀ. ಬೆಳಕು ಬೇಕು. ನೀಲಿ ಬೆಳಕನ್ನು ಹೀರಿ ಅವಕೆಂಪು ಹೊಮ್ಮಿಸುವ ಪುಡಿ (ಫಾಸ್ಫರ್) ಮಾಡಲು ಗ್ಯಾಡೊಲಿನಿಯಂ ಗ್ಯಾಲಿಯಂ ಗಾರ್ನೆಟ್‌ಗೆ (ಜಿಜಿಜಿ) ಕ್ರೋಮಿಯಂ ಸೇರಿಸಿ 1400 ಡಿಗ್ರಿಯಲ್ಲಿ ಸುಟ್ಟಿದ್ದೇನೆ. ಪುಡಿ ಹಸಿರಾಗಿದೆ, ಹೊಳಪು ಕಡಿಮೆ. 900ರಲ್ಲಿ ಚೂಪಾದ ಶಿಖರ ಬರುತ್ತಿದೆ. 450 ನ್ಯಾ.ಮೀ. ನೀಲಿ ಎಲ್‌ಇಡಿ ಚಿಪ್ ಮೇಲೆ ಹಚ್ಚಿದರೆ ನೀಲಿ ಬೆಳಕು ಸೋರುತ್ತದೆ, ಸ್ವಲ್ಪ ಹೊತ್ತಿಗೆ ತೀವ್ರತೆಯೂ ಇಳಿಯುತ್ತದೆ.

ಉತ್ತರ 1: 900ರ ಶಿಖರ ಫಾಸ್ಫರ್‌ನದಲ್ಲ. ಚಿಪ್‌ನ 450ರ ನೀಲಿ, ಸ್ಪೆಕ್ಟ್ರೋಮೀಟರ್‌ನಲ್ಲಿ ಬೆಳಕನ್ನು ಬಿಡಿಸುವ ಗ್ರೇಟಿಂಗ್‌ನ ಎರಡನೇ ಶ್ರೇಣಿಯಲ್ಲಿ 900ರ ಜಾಗಕ್ಕೆ ಬೀಳುತ್ತಿದೆ. ಡಿಟೆಕ್ಟರ್ ಮುಂದೆ 550 ನ್ಯಾ.ಮೀ. ಲಾಂಗ್‌ಪಾಸ್ ಫಿಲ್ಟರ್ (ಅದಕ್ಕಿಂತ ಉದ್ದದ ತರಂಗಗಳನ್ನಷ್ಟೇ ಬಿಡುವಂಥದ್ದು) ಇಡಿ, ಹೋಗುತ್ತದೆ. ಲ್ಯಾಬ್‌ನ ಫ್ಲೋರಿಮೀಟರ್‌ನಲ್ಲಿ ಆರ್928 ಫೋಟೊಮಲ್ಟಿಪ್ಲೈಯರ್ (ಒಂದು ಬಗೆಯ ಡಿಟೆಕ್ಟರ್) ಇದ್ದರೆ ಅದು 900ಕ್ಕೇ ನಿಂತುಬಿಡುತ್ತದೆ. ಆಗ ಶಿಖರ ನಿಜಕ್ಕಿಂತ ಎಡಕ್ಕೆ ಸರಿದಂತೆ ಕಾಣುತ್ತದೆ. ಸಿಲಿಕಾನ್ ಡಿಟೆಕ್ಟರ್ ಬಳಸಿ, ಕ್ಯಾಲಿಬ್ರೇಟ್ ಆದ ಹ್ಯಾಲೊಜನ್ ದೀಪದಿಂದ ಸಂವೇದನೆ ಸರಿಪಡಿಸಿಕೊಂಡ ಮೇಲೆಯೇ ಹೊಳಪಿನ ಮಾತಾಡಿ.

ಉತ್ತರ 2: ಹಸಿರು ಬಣ್ಣ ದೋಷವಲ್ಲ. ಮೂರು ಧನಾವೇಶದ ಕ್ರೋಮಿಯಂ ನೀಲಿಯನ್ನೂ ಕೆಂಪನ್ನೂ ಹೀರುತ್ತದೆ, ಹಾಗಾಗಿ ಹಸಿರೇ ಬರಬೇಕು. ಕಂದು ಛಾಯೆ ಬಂದರೆ ನಾಲ್ಕು ಧನಾವೇಶದ್ದು ಸೇರಿದೆಯೇ ಎಂದು ಅನುಮಾನಿಸಿ. ಅದು ಬೆಳಕನ್ನು ನುಂಗುತ್ತದೆ. ಕ್ಯಾಲ್ಸಿಯಂ ಇರುವ ಗಾರ್ನೆಟ್‌ಗಳಲ್ಲಿ ಈ ಕಾಟ ಹೆಚ್ಚು.

ಸುಮಾರು 10 ಗ್ರಾಂಗೆ (ಸೂತ್ರಕ್ಕೆ 4.9 ಗ್ಯಾಲಿಯಂ, 0.1 ಕ್ರೋಮಿಯಂ) ಗ್ಯಾಡೊಲಿನಿಯಂ ಆಕ್ಸೈಡ್ 5.4375, ಗ್ಯಾಲಿಯಂ ಆಕ್ಸೈಡ್ 4.592, ಕ್ರೋಮಿಯಂ ಆಕ್ಸೈಡ್ 0.076 ಗ್ರಾಂ. ಗ್ಯಾಡೊಲಿನಿಯಂ ಆಕ್ಸೈಡ್ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ತೂಗುವ ಮುನ್ನ 900–1000 ಡಿಗ್ರಿಯಲ್ಲಿ ಕಾಯಿಸಿ, ಡೆಸಿಕೇಟರ್‌ನಲ್ಲಿ ಆರಿಸಿ. ಇಲ್ಲದಿದ್ದರೆ ಅನುಪಾತ ಮೊದಲ ಹೆಜ್ಜೆಯಲ್ಲೇ ಕೆಡುತ್ತದೆ. ಸುಡುವಾಗ ಕಣಗಳು ಬೇಗ ಕೂಡಲು ನೆರವಾಗುವ ಫ್ಲಕ್ಸ್ ಆಗಿ ಬೋರಿಕ್ ಆಮ್ಲ ಶೇ. 1–2 ಹಾಕಿ, ಅಗೇಟ್ ಖಲ್ಲಿನಲ್ಲಿ ಎಥನಾಲ್ ಜೊತೆ ಚೆನ್ನಾಗಿ ಅರೆಯಿರಿ. ಬಿಲ್ಲೆ ಒತ್ತಿ ಸುಡಿ. ಅಲ್ಯುಮಿನಾ ಮೂಸೆಯ ಗೋಡೆಗೆ ಅಂಟಿದ ಭಾಗ ಬಿಸಾಡಿ: ಅಲ್ಯುಮಿನಿಯಂ ಒಳಹೊಕ್ಕರೆ ಹೊಮ್ಮುವ ಬೆಳಕು ಕಡಿಮೆ ತರಂಗದೂರಕ್ಕೆ ಸರಿಯುತ್ತದೆ.

ಉತ್ತರ 3: ಹೈಡ್ರೋಜನ್ ಮಿಶ್ರಣದಲ್ಲಿ ಸುಟ್ಟರೆ ಕ್ರೋಮಿಯಂ ಮೂರರಲ್ಲೇ ನಿಲ್ಲುತ್ತದಲ್ಲ?

ಉತ್ತರ 2: ಬೇರೆ ಹೋಸ್ಟ್‌ಗೆ (ಕ್ರೋಮಿಯಂ ಸೇರಿಸುವ ಮೂಲ ಸ್ಫಟಿಕಕ್ಕೆ) ಸರಿ, ಗ್ಯಾಲಿಯಂ ಇದ್ದರೆ ಬೇಡ. ಅದು ಕಡಿಮೆ ಆಮ್ಲಜನಕದ ಆಕ್ಸೈಡ್ ಆಗಿ ಆವಿಯಾಗಿ ಹೋಗುತ್ತದೆ, ಉಳಿದದ್ದು ಗ್ಯಾಡೊಲಿನಿಯಂ ಹೆಚ್ಚಿರುವ ಬೇರೆ ಹಂತಗಳು. ಎಕ್ಸ್‌ಆರ್‌ಡಿಯಲ್ಲಿ (ಸ್ಫಟಿಕ ರಚನೆ ಗುರುತಿಸುವ ಎಕ್ಸ್-ಕಿರಣ ಪರೀಕ್ಷೆ) ಗಾರ್ನೆಟ್ ಅಲ್ಲದ ಗೆರೆ ಕಂಡರೆ ಮೊದಲ ಅನುಮಾನ ಇದೇ ಇರಲಿ. ಜಿಜಿಜಿಯಲ್ಲಿ ಎಲ್ಲ ಲೋಹಗಳೂ ಮೂರು ಧನಾವೇಶದವು, ಗಾಳಿಯಲ್ಲೇ ಸುಡಬಹುದು.

ಉತ್ತರ 4: ನೀಲಿ ಸೋರಿಕೆಗೆ ಕಾರಣ ಕ್ರೋಮಿಯಂನ ಹೀರಿಕೆ ದುರ್ಬಲ ಇರುವುದು. ಬಿಳಿ ಎಲ್‌ಇಡಿಯ ಸೀರಿಯಂ ಫಾಸ್ಫರ್‌ಗೆ ಹಾಕುವ ಅಳತೆ ಇಲ್ಲಿ ನಡೆಯದು. ಪುಡಿಯನ್ನು ಕಲಸಿ ಹಚ್ಚುವ ಸಿಲಿಕೋನ್ ಮತ್ತು ಪುಡಿ ತೂಕದಲ್ಲಿ 1:1ರಿಂದ ಶುರುಮಾಡಿ. ನಿರ್ವಾತದಲ್ಲಿ ಗುಳ್ಳೆ ತೆಗೆಯಿರಿ, ಕಣ ತಳ ಕೂರುವ ಮುನ್ನ ಒಲೆಗಿಡಿ. ಲ್ಯಾಟೆಕ್ಸ್ ಕೈಗವಸು ಹತ್ತಿರ ತರಬೇಡಿ. ಅದರ ಗಂಧಕ ಪ್ಲಾಟಿನಂ ವೇಗವರ್ಧಕವನ್ನು ಕೆಡಿಸಿ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ.

ತೀವ್ರತೆ ಇಳಿಯುವುದು ಶಾಖದಿಂದ. 450ರ ಫೋಟಾನ್ 800ರದ್ದಾಗುವಾಗ ಕ್ವಾಂಟಂ ದಕ್ಷತೆ ಪೂರ್ತಿ ಇದ್ದರೂ (ಹೀರಿದ ಪ್ರತಿ ಫೋಟಾನ್‌ಗೆ ಒಂದು ಹೊಮ್ಮಿದರೂ) ಶೇ. 44ರಷ್ಟು ಶಕ್ತಿ ಶಾಖವೇ ಆಗುತ್ತದೆ, ಸಿಲಿಕೋನ್ ಅದನ್ನು ಹೊರಗೆ ಬಿಡುವುದಿಲ್ಲ. ಮೊದಲು ಕರೆಂಟ್ ಅನ್ನು ಪಲ್ಸ್ ಮಾಡಿ ಅಳೆಯಿರಿ. ಪಲ್ಸ್‌ನಲ್ಲಿ ತೀವ್ರತೆ ಇಳಿಯದಿದ್ದರೆ ಪುಡಿ ಬದಲಿಸುವ ಮುನ್ನ ಪದರ ತೆಳುಮಾಡಿ, ಲೋಹದ ತಳದ ಬೋರ್ಡ್ ಹಾಕಿ.

ಉತ್ತರ 5: ನನ್ನ ಮಟ್ಟಿಗೆ ದೊಡ್ಡ ತೊಂದರೆ ಹೋಸ್ಟ್ ಆಯ್ಕೆಯದೇ. ಜಿಜಿಜಿಯಲ್ಲಿ ಸ್ಫಟಿಕ ಕ್ಷೇತ್ರ (ಕ್ರೋಮಿಯಂ ಮೇಲೆ ಸುತ್ತಲಿನ ಪರಮಾಣುಗಳ ಪ್ರಭಾವ) ಬಿಗಿ, ಬೆಳಕು 700–750ರ ಸುತ್ತಲೇ ಗುಂಪಾಗುತ್ತದೆ. ನೀರು ಬೆಳಕನ್ನು ಹೀರುವ ಪಟ್ಟಿ ಇರುವುದು 970ರ ಹತ್ತಿರ. ಗ್ಯಾಲಿಯಂನ ಒಂದು ಭಾಗದ ಬದಲು ಸ್ಕ್ಯಾಂಡಿಯಂ ಹಾಕಿದರೆ ಕ್ಷೇತ್ರ ಸಡಿಲವಾಗಿ ಪಟ್ಟಿ ಕೆಂಪಿನಾಚೆ ಸರಿಯುತ್ತದೆ. ಸ್ಕ್ಯಾಂಡಿಯಂ ಬೋರೇಟ್ ಸುಮಾರು 800ರಲ್ಲಿ ಶಿಖರ ಕೊಡುತ್ತದೆ. ಇಟರ್ಬಿಯಂ ಜೊತೆಗೂಡಿಸಿದರೆ 1000ರ ಹತ್ತಿರ ಬೆಳಕು ಹೆಚ್ಚುತ್ತದೆ ನಿಜ, ಆದರೆ ಅದರ ಕಡಿದಾದ ಗೆರೆಗಳು ನೀರಿನ ಪಟ್ಟಿಯ ಮೇಲೇ ಬಿದ್ದು ಬೇಸ್‌ಲೈನ್ ಹಿಡಿಯುವುದು ಕಷ್ಟ. ಸಕ್ಕರೆ ಅಳೆಯಲು ನುಣುಪಾದ ಬೆಳಕೇ ಬೇಕು. ಹೋಲಿಕೆಗೆ ಓಸ್ರಾಮ್ 2016ರಲ್ಲಿ ತಂದ ಎಸ್‌ಎಫ್‌ಎಚ್ 4735 ಇದೆ: ಇದೇ ನೀಲಿ ಚಿಪ್ ಮತ್ತು ಫಾಸ್ಫರ್ ವಿನ್ಯಾಸ, 650–1050 ನ್ಯಾ.ಮೀ. ಒಂದನ್ನು ಪಕ್ಕದಲ್ಲಿಟ್ಟು ಅಳೆಯಿರಿ.

ಕಣ್ಣಿನ ರಕ್ಷಣೆ ಮರೆಯಬೇಡಿ. ಅವಕೆಂಪು ಕಾಣುವುದಿಲ್ಲ, ಕಣ್ಣಿನ ಪಾಪೆ ಕುಗ್ಗುವುದೂ ಇಲ್ಲ. ಸೋರುವ ನೀಲಿಯಂತೂ ರೆಟಿನಾಗೆ ನೇರ ಅಪಾಯ. ಲಾಂಗ್‌ಪಾಸ್ ಗಾಜು ಹಾಕಿ ಮುಚ್ಚಿದ ಪೆಟ್ಟಿಗೆಯಲ್ಲೇ ಎಲ್‌ಇಡಿ ಉರಿಸಿ.